ಸೊಟ್ಟ ಮೂಳೆಯವರಿಗೆ ಮಂಡಿ ಬದಲಾವಣೆ: ಕಂಪ್ಯೂಟರ್ ಎಷ್ಟು ನೆರವಾಗುತ್ತದೆ?

ಸವೆದ ಮಂಡಿಗೆ ಕೃತಕ ಕೀಲು ಹಾಕುವಾಗ ತೊಡೆಮೂಳೆಯೊಳಗೆ ಉದ್ದನೆಯ ರಾಡ್ ತೂರಿಸಿ, ಅದರಿಂದ 5ರಿಂದ 7 ಡಿಗ್ರಿ ಓರೆಯ ಲೆಕ್ಕ ಹಿಡಿದು ಮೂಳೆಯ ತುದಿ ಕತ್ತರಿಸುವುದು ರೂಢಿ. ಮೂಳೆ ನೆಟ್ಟಗಿದ್ದರೆ ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ನಾಟಿ ಕಟ್ಟಿನಲ್ಲಿ ಸೊಟ್ಟಗೆ ಕೂಡಿದ ಹಳೆಯ ಮುರಿತವಿದ್ದರೆ, ಮೂಳೆ ಹೊರಗಡೆಗೆ ಬಾಗಿದ್ದರೆ ಅಥವಾ ಹಳೆಯ ಪ್ಲೇಟು, ಸ್ಕ್ರೂ ಅಡ್ಡ ಇದ್ದರೆ ರಾಡ್ ಅರ್ಧಕ್ಕೇ ನಿಲ್ಲುತ್ತದೆ. ಹೇಗೋ ಒಳಗೆ ಹೋದರೂ ತಪ್ಪು ದಿಕ್ಕು ತೋರಿಸುತ್ತದೆ. ಇಂಥವರಿಗೆ ನಾವು ಕಂಪ್ಯೂಟರ್ ನ್ಯಾವಿಗೇಷನ್ ಬಳಸುತ್ತೇವೆ, ಅಂದರೆ ರಾಡ್ ಇಲ್ಲದೆಯೇ ಕತ್ತರಿಸುವ ಕೋನವನ್ನು ಪರದೆಯ ಮೇಲೆ ತೋರಿಸುವ ಯಂತ್ರ.

ಕೀಲು ಬದಲಿಸಿದರೆ ಸಾಕೇ, ಮೊದಲು ಮೂಳೆಯನ್ನೇ ನೆಟ್ಟಗೆ ಮಾಡಬೇಕೇ ಎಂಬ ಮುಖ್ಯ ತೀರ್ಮಾನ ಮಾತ್ರ ಎಕ್ಸ್-ರೇ ಮೇಲೆಯೇ ಆಗಬೇಕು. ಮಂಡಿಯದಷ್ಟೇ ಎಕ್ಸ್-ರೇ ಹಿಡಿದು ಬರುವವರೇ ಹೆಚ್ಚು. ಅದರಲ್ಲಿ ಬಾಗು ಕಾಣುವುದಿಲ್ಲ. ನಿಲ್ಲಿಸಿ, ಮಂಡಿಚಿಪ್ಪು ನೇರ ಮುಂದಕ್ಕಿರುವಂತೆ, ಸೊಂಟದಿಂದ ಪಾದದ ಗಂಟಿನವರೆಗೆ ತೆಗೆಸಬೇಕು. ಸೊಂಟದ ಕೀಲಿನ ನಡುವಿನಿಂದ ಮಂಡಿಯ ನಡುವಿಗೆ ಗೆರೆ ಎಳೆದು, ಅದಕ್ಕೆ 90 ಡಿಗ್ರಿಯಲ್ಲಿ ಕತ್ತರಿಸುವ ಗೆರೆ ಹಾಕುತ್ತೇವೆ. ಅದು ಪಕ್ಕದ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಅಂಟಿಕೊಂಡ ಜಾಗವನ್ನು ಕೊಯ್ಯುವಂತಿದ್ದರೆ ಮೊದಲು ಮೂಳೆಯ ಸೊಟ್ಟನ್ನೇ ತಿದ್ದಬೇಕು. ಅಲ್ಲಿ ಕಂಪ್ಯೂಟರ್ ಕೈಲಾಗುವುದೇನೂ ಇಲ್ಲ. ತೊಡೆಮೂಳೆಯಲ್ಲಿ ಸುಮಾರು 20, ಕೆಳಗಾಲಿನ ಮೂಳೆಯಲ್ಲಿ 30 ಡಿಗ್ರಿವರೆಗಿನ ಬಾಗನ್ನು ಕೀಲಿನೊಳಗಿನ ಕತ್ತರಿಕೆಯಲ್ಲೇ ಸರಿದೂಗಿಸಬಹುದೆಂಬ ಅಂದಾಜಿದೆ. ಆದರೆ ಬಾಗು ಎಲ್ಲಿದೆ ಎಂದೂ ನೋಡಬೇಕು. ತೊಡೆಯ ಮಧ್ಯದಲ್ಲಿರುವ 20 ಡಿಗ್ರಿ, ಮಂಡಿಯಲ್ಲಿ ಸುಮಾರು 10ರಷ್ಟೇ ವ್ಯತ್ಯಾಸ ಮಾಡುತ್ತದೆ. ಮಂಡಿಗೆ ಹತ್ತಿರವಿದ್ದರೆ ಹೆಚ್ಚುಕಡಿಮೆ ಪೂರ್ತಿ.

ಆಪರೇಷನ್ ಥಿಯೇಟರಿನಲ್ಲಿ ತೊಡೆಮೂಳೆ, ಕೆಳಗಾಲಿನ ಮೂಳೆ ಎರಡಕ್ಕೂ ಎರಡೆರಡು ಪಿನ್ ಹಾಕಿ, ಮೂಳೆ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಸುವ ಟ್ರ್ಯಾಕರ್ ಕೂರಿಸುತ್ತೇವೆ. ತೊಡೆಯನ್ನು ವೃತ್ತಾಕಾರವಾಗಿ ತಿರುಗಿಸಿದರೆ ಯಂತ್ರ ಸೊಂಟದ ಕೀಲಿನ ಕೇಂದ್ರ ಕಂಡುಹಿಡಿಯುತ್ತದೆ. ಆಗ ಸೊಂಟ ಮೇಲೇಳಬಾರದು. ಸೊಂಟದ ಕೀಲು ಬಿಗಿದುಕೊಂಡವರಲ್ಲಿ ಈ ಹಂತವೇ ಕೈಕೊಡುತ್ತದೆ. ಆಮೇಲೆ ಪಾದದ ಗಂಟಿನ ಎರಡು ಬದಿ, ಮಂಡಿಯ ನಡು, ಸವೆದ ಮೇಲ್ಮೈ ಎಲ್ಲವನ್ನೂ ಪಾಯಿಂಟರಿನಿಂದ ಮುಟ್ಟಿ ತೋರಿಸಬೇಕು.

ಟ್ರ್ಯಾಕರಿನ ಹೊಳೆಯುವ ಗುಂಡುಗಳಿಗೆ ರಕ್ತ ಮೆತ್ತಿದರೆ ಸಿಗ್ನಲ್ ಹೋಗುತ್ತದೆ, ಒರೆಸಿದರಾಯಿತು. ಪಿನ್ ಅಲುಗಿದರೆ ಅಪಾಯ: ಪರದೆಯ ಅಂಕಿಗಳು ಮೊದಲಿನಷ್ಟೇ ಸರಿಯೆಂಬಂತೆ ಕಾಣುತ್ತವೆ. ಹಾಗಾಗಿ ಪ್ರತಿ ಕತ್ತರಿಕೆಗೂ ಮುಂಚೆ, ಮೊದಲೇ ಗುರುತಿಟ್ಟ ಬಿಂದುವನ್ನು ಮತ್ತೆ ಮುಟ್ಟಿ ನೋಡುತ್ತೇವೆ. ಕತ್ತರಿಸಿದ ಮೇಲೂ ಚಪ್ಪಟೆ ಪ್ಲೇಟ್ ಇಟ್ಟು ಕೋನ ಅಳೆಯುತ್ತೇವೆ, ಏಕೆಂದರೆ ಗಟ್ಟಿಯಾದ ಮೂಳೆಯಲ್ಲಿ ಗರಗಸದ ಅಲಗು ಜಾರಿ ಒಂದೆರಡು ಡಿಗ್ರಿ ತಪ್ಪುತ್ತದೆ. ತೊಡೆಮೂಳೆ ಮುಂದಕ್ಕೆ ಬಾಗಿದ್ದರೆ ಕೃತಕ ಕೀಲಿನ ತೊಡೆಯ ಭಾಗವನ್ನು ಸುಮಾರು 3 ಡಿಗ್ರಿ ಮಡಿಕೆಗೆ ಇಡುವುದು ಒಳ್ಳೆಯದು; ಇಲ್ಲದಿದ್ದರೆ ಮೂಳೆಯ ಮುಂಭಾಗಕ್ಕೆ ಕಚ್ಚು ಬಿದ್ದು ಅಲ್ಲೇ ಮುರಿಯಬಹುದು.

ನಿಜವಾಗಿ ತಲೆ ಕೆಡಿಸುವುದು ಲಿಗಮೆಂಟಿನ ಸಮತೋಲ. ಹೊರಗಡೆಗೆ ಬಾಗಿದ ತೊಡೆಮೂಳೆಯಲ್ಲಿ ಹೊರಬದಿಯಿಂದ ಹೆಚ್ಚು ಮೂಳೆ ಹೋಗುತ್ತದೆ, ಒಳಬದಿಯಿಂದ ಕಡಿಮೆ. ಕಾಲು ಚಾಚಿದಾಗ ಒಳಬದಿ ಬಿಗಿ, ಹೊರಬದಿ ಸಡಿಲ. ಮಡಿಸಿದಾಗ ಈ ವ್ಯತ್ಯಾಸ ಇರುವುದಿಲ್ಲ. ಬಿಗಿಯೆಂದು ಒಳಬದಿಯ ಲಿಗಮೆಂಟನ್ನು ಮೂಳೆಯಿಂದ ಬಿಡಿಸುತ್ತಲೇ ಹೋದರೆ, ಮಡಿಸಿದಾಗ ಅದೇ ಬದಿ ಜೋಲುತ್ತದೆ. ಆದ್ದರಿಂದ ಚಾಚಿದಾಗಲೇ ಹೆಚ್ಚು ಬಿಗಿಯುವ ಹಿಂಬದಿ ಒಳಮೂಲೆಯಿಂದ ಶುರುಮಾಡಿ, ಸ್ವಲ್ಪ ಸ್ವಲ್ಪ ಬಿಡಿಸಿ, ಪ್ರತಿ ಸಲವೂ ಚಾಚಿ, ಮಡಿಸಿ, ಎರಡೂ ಸ್ಥಿತಿಯಲ್ಲಿ ಮೂಳೆಗಳ ನಡುವಿನ ಅಂತರ ಅಳೆಯಬೇಕು. ಲಿಗಮೆಂಟ್ ಸಡಿಲವಾದರೂ ಮಂಡಿ ಜೋಲದಂತೆ ತಡೆಯುವ, ಹೆಚ್ಚು ಹಿಡಿತದ ಇಂಪ್ಲಾಂಟ್ (ಕೃತಕ ಕೀಲು) ಥಿಯೇಟರಿನಲ್ಲೇ ಸಿದ್ಧವಿರಲಿ. ಕೊನೆಗೆ ಕಾಲಿನ ನೇರ 180 ಡಿಗ್ರಿಯಿಂದ 3 ಡಿಗ್ರಿ ಆಚೀಚೆಯೊಳಗೆ ಬರಬೇಕು.

ಮನೆಗೆ ಹೋದ ಮೇಲೆ ತೊಡೆಯಲ್ಲೋ ಮೊಳಕಾಲಿನ ಕೆಳಗೋ ಪಿನ್ ಹಾಕಿದ ಜಾಗದಲ್ಲಿ ಹೊಸದಾಗಿ ನೋವು ಕಾಣಿಸಿಕೊಂಡರೆ ವ್ಯಾಯಾಮ ನಿಲ್ಲಿಸಿ ಎಕ್ಸ್-ರೇ ಮಾಡಿಸಬೇಕು. ಅಪರೂಪಕ್ಕೆ ಪಿನ್ನಿನ ತೂತಿನಲ್ಲೇ ಮೂಳೆ ಬಿರುಕು ಬಿಡುತ್ತದೆ.