ಅಪ್‌ಡೇಟ್ ಓಡಿಸುವ ಮೊದಲು ನಾನು ನೋಡುವುದು

ಡೇಟಾಬೇಸ್ ಕೆಲಸಕ್ಕೆ ಬಂದ ಹೊಸದರಲ್ಲಿ ಸರಕಿನ ಕೋಡ್ ಇದ್ದ ಒಂದು ಕಾಲಮ್ ಬದಲಾಯಿಸಿದ್ದೆ. ಅದು ಟೆಕ್ಸ್ಟ್ ಕಾಲಮ್, ಒಳಗಿದ್ದದ್ದು ಮಾತ್ರ ಬರೀ ಅಂಕಿಗಳು. ನಂಬರ್ ಮಾಡಿದರೆ ಒಳ್ಳೇದು ಅಂದುಕೊಂಡೆ. ಟೆಸ್ಟ್‌ನಲ್ಲಿ ಓಡಿಸಿದೆ, ಎರರ್ ಬರಲಿಲ್ಲ. ಲೈವ್‌ನಲ್ಲೂ, ಅಂದರೆ ಎಲ್ಲರೂ ನಿಜವಾಗಿ ಬಳಸುವ ಡೇಟಾಬೇಸ್‌ನಲ್ಲೂ ಮಾಡಿದೆ. '00417' ಇದ್ದದ್ದು 417 ಆಯಿತು.

ಹೊರಗಿನಿಂದ ದಿನವೂ ಬರುವ ಫೈಲಿನಲ್ಲಿ ಅದು '00417' ಆಗಿಯೇ ಉಳಿದಿತ್ತು. ಎರಡನ್ನೂ ಹೋಲಿಸುವ ಪ್ರೋಗ್ರಾಂ, ತಾಳೆಯಾಗದ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತಿತ್ತು. ರಿಪೋರ್ಟಿನ ಮೊತ್ತ ಯಾಕೆ ಕಡಿಮೆ ಅಂತ ಮೂರು ದಿನದ ಮೇಲೆ ಒಬ್ಬರು ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಬ್ಯಾಕಪ್ ಇತ್ತು. ಆದರೆ ಅಷ್ಟರಲ್ಲಿ ಸೇರಿದ ಹೊಸ ಕೋಡುಗಳಿಗೆ ಮುಂದೆ ಎಷ್ಟು ಸೊನ್ನೆ ಇದ್ದವು ಅಂತ ಟೇಬಲ್ ನೋಡಿ ಹೇಳುವ ದಾರಿಯೇ ಇರಲಿಲ್ಲ.

ಅಂದಿನಿಂದ ನನ್ನ ಮೊದಲ ಪ್ರಶ್ನೆ, ಈ ಡೇಟಾವನ್ನು ಯಾರು ಓದುತ್ತಾರೆ? ಕಾಲಮ್ಮಿನ ಹೆಸರು ಹಿಡಿದು ಇಡೀ ಪ್ರೋಗ್ರಾಂ ಕೋಡಿನಲ್ಲಿ ಹುಡುಕುತ್ತೇನೆ. ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ, ಅಂದರೆ ಡೇಟಾ ಕೇಳುವ ಆಜ್ಞೆ), ಟ್ರಿಗರ್ (ಡೇಟಾ ಬದಲಾದಾಗ ತಾನೇ ಓಡುವ ಕೋಡ್), ರಾತ್ರಿ ಓಡುವ ಜಾಬ್, ಹೊರಗೆ ಹೋಗುವ ಫೈಲ್ ಎಲ್ಲವನ್ನೂ ನೋಡುತ್ತೇನೆ. ವ್ಯೂ ಬಳಸುತ್ತಿರುವ ಕಾಲಮ್ ತೆಗೆಯಲು ಹೋದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ತಾನೇ ತಡೆಯುತ್ತದೆ. ಆದರೆ ಪ್ರೋಗ್ರಾಂ ಒಳಗೆ ಬರೆದಿಟ್ಟ ಕ್ವೆರಿ ಅದಕ್ಕೆ ಕಾಣಿಸುವುದಿಲ್ಲ. ಯಾರೋ ವಾರಕ್ಕೊಮ್ಮೆ ಎಕ್ಸೆಲ್‌ಗೆ ಇಳಿಸಿಕೊಳ್ಳುತ್ತಾರೆ ಅನ್ನೋದಂತೂ ಕೇಳಿದರೆ ಮಾತ್ರ ಸಿಗುವ ಮಾಹಿತಿ. ಅದಕ್ಕೇ ಹೋಗಿ ಕೇಳುತ್ತೇನೆ.

ಆಮೇಲೆ ಎಣಿಕೆ. ಅಪ್‌ಡೇಟ್‌ಗೆ (ಸಾಲು ತಿದ್ದುವ ಆಜ್ಞೆ) ಹಾಕುವ ಅದೇ ಷರತ್ತನ್ನು ಸೆಲೆಕ್ಟ್‌ಗೆ (ಬರೀ ಓದುವ ಆಜ್ಞೆ) ಹಾಕಿ ಸಾಲು ಎಣಿಸುತ್ತೇನೆ. ಅದಕ್ಕೂ ಮೊದಲೇ ನನ್ನ ಅಂದಾಜು ಬರೆದಿಡುತ್ತೇನೆ. ಇಲ್ಲದಿದ್ದರೆ ಬಂದ ಸಂಖ್ಯೆ ಎಷ್ಟಿದ್ದರೂ ಸರಿ ಅನಿಸಿಬಿಡುತ್ತೆ. ಒಮ್ಮೆ 1,200 ಅಂದುಕೊಂಡಿದ್ದೆ, 1,140 ಬಂತು. ಆ 60 ಸಾಲು ಹುಡುಕಿದರೆ, ಎಲ್ಲದರಲ್ಲೂ ಸ್ಟೇಟಸ್ ಜಾಗದಲ್ಲಿ ನಲ್ ಇತ್ತು, ಅಂದರೆ ಯಾವ ಮೌಲ್ಯವೂ ಇರಲಿಲ್ಲ. 'ಮುಗಿದದ್ದು ಅಲ್ಲ' ಎಂಬ ಷರತ್ತು ಹಾಕಿದರೆ ನಲ್ ಇರುವ ಸಾಲು ಬರುವುದಿಲ್ಲ. ಸುಮ್ನೆ ಓಡಿಸಿದ್ದರೆ ಅವು ಹಳೆಯ ಸ್ಥಿತಿಯಲ್ಲೇ ಉಳಿಯುತ್ತಿದ್ದವು.

ಕೊನೆಗೆ ಲೈವ್‌ನಿಂದ ತೆಗೆದ ಕಾಪಿಯಲ್ಲಿ ಟ್ರಾನ್ಸಾಕ್ಷನ್ (ಪೂರ್ತಿ ಉಳಿಸಬಹುದಾದ ಇಲ್ಲವೇ ಪೂರ್ತಿ ರದ್ದು ಮಾಡಬಹುದಾದ ಬದಲಾವಣೆಗಳ ಗುಂಪು) ಶುರು ಮಾಡಿ ಬದಲಾವಣೆ ಓಡಿಸುತ್ತೇನೆ. ಮುಖ್ಯ ರಿಪೋರ್ಟುಗಳ ಮೊತ್ತವನ್ನು ಮೊದಲಿನದರ ಜೊತೆ ಹೋಲಿಸಿ, ರೋಲ್‌ಬ್ಯಾಕ್ ಮಾಡುತ್ತೇನೆ, ಅಂದರೆ ಬದಲಾವಣೆಯನ್ನು ರದ್ದು ಮಾಡುತ್ತೇನೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಟೇಬಲ್ಲಿನ ರಚನೆ ಬದಲಾಯಿಸಿದರೆ ಅದು ಅಲ್ಲೇ ಕಮಿಟ್ ಆಗಿಬಿಡುತ್ತದೆ (ಕಾಯಂ ಆಗುತ್ತದೆ), ರೋಲ್‌ಬ್ಯಾಕ್ ನಂಬಿ ಕೂರುವಂತಿಲ್ಲ. ಲೈವ್‌ನಲ್ಲೇ ಟ್ರಾನ್ಸಾಕ್ಷನ್ ತೆರೆದಿಟ್ಟು ಯೋಚಿಸುತ್ತಾ ಕೂತರೆ ಆ ಸಾಲುಗಳ ಮೇಲೆ ಲಾಕ್ ಇರುತ್ತದೆ, ಅವನ್ನು ತಿದ್ದಬೇಕಾದವರು ಕಾಯಬೇಕಾಗುತ್ತದೆ. ಕಾಪಿ ಬಳಸುವುದು ಅದಕ್ಕೇ.

ಡಿಲೀಟ್ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರು ಬೇಕು. ಇತ್ತೀಚೆಗೆ 40 ಹಳೆಯ ಗ್ರಾಹಕರನ್ನು ತೆಗೆಯಿರಿ ಅಂತ ಕೋರಿಕೆ ಬಂತು. ಕಾಪಿಯಲ್ಲಿ ಓಡಿಸಿದಾಗ '40 ಸಾಲು' ಅಂತಲೇ ತೋರಿಸಿತು. ಆದರೆ ಆರ್ಡರ್ ಟೇಬಲ್ಲಿಗೆ ಕ್ಯಾಸ್ಕೇಡ್ ಇತ್ತು (ಗ್ರಾಹಕರನ್ನು ಅಳಿಸಿದರೆ ಅವರ ಆರ್ಡರುಗಳೂ ತಾವೇ ಅಳಿಯುವ ಏರ್ಪಾಡು), ಅಲ್ಲಿ ಅಳಿಸಿಹೋಗುವ ಸಾಲು ಆ ಲೆಕ್ಕಕ್ಕೆ ಬರುವುದಿಲ್ಲ. ಬೇರೆಯಾಗಿ ಎಣಿಸಿದೆ, 9,000ಕ್ಕೂ ಮೇಲಿತ್ತು. ಎರಡೂ ಸಂಖ್ಯೆ ಹಿಡಿದುಕೊಂಡು ಕೇಳಿದವರ ಹತ್ತಿರ ಹೋದೆ. "ಅಯ್ಯೋ, ಆರ್ಡರ್ ಬೇಕಲ್ವಾ, ಹೆಸರು ಪಟ್ಟಿಯಲ್ಲಿ ಕಾಣಿಸದಿದ್ದರೆ ಸಾಕು" ಅಂದರು. ಡಿಲೀಟ್ ಬಿಟ್ಟು, ಆ 40 ಸಾಲಿಗೆ 'ಚಾಲ್ತಿಯಲ್ಲಿಲ್ಲ' ಅಂತ ಗುರುತು ಹಾಕಿದೆ.