ಮೆಟ್ಟಿಲಿನ ಹಾವಸೆ, ಕಣದ ಪಾಚಿ: ಪ್ರೆಶರ್ ವಾಷರ್ ಹಿಡಿಯುವ ಮುಂಚೆ

ನಮ್ಮ ಮೂಡಿಗೆರೆ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಸರಿಯಾಗಿ ಬಿಡುವುದಿಲ್ಲ. ದಸರಾ ಹೊತ್ತಿಗೆ ಅಂಗಳ, ಮೆಟ್ಟಿಲು, ಕಾಫಿ ಕಣ ಎಲ್ಲದರ ಮೇಲೂ ಹಾವಸೆ ಕಟ್ಟಿರುತ್ತದೆ. ಮೂರು ವರ್ಷದ ಹಿಂದೆ ಅಮ್ಮ ಬಚ್ಚಲುಮನೆ ಮೆಟ್ಟಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅದಾದ ಮೇಲೆಯೇ ನಾನು ಪ್ರೆಶರ್ ವಾಷರ್, ಅಂದರೆ ಗನ್ನಿನಿಂದ ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಮೆಷಿನ್, ತಂದಿದ್ದು.

ಮೊದಲು ಇದರ ಬಲ ಎಷ್ಟು ಅಂತ ತಿಳಿದುಕೊಳ್ಳಿ. ನನ್ನ ಮೆಷಿನ್ ಮೇಲೆ 130 ಬಾರ್ ಅಂತ ಬರೆದಿದೆ; ಬಾರ್ ಅಂದರೆ ಒತ್ತಡದ ಅಳತೆ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಅಷ್ಟೇ. ಈ ನೀರು ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣಬಹುದು, ಒಳಗೆ ಮಾಂಸ ಹಾಳಾಗಿ ನಂಜು ಏರುತ್ತಿರುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಪ್ರೆಶರ್ ವಾಷರ್ ನೀರು ತಗುಲಿದ್ದು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಮಾಡಲೇಬೇಡಿ. ತೋಟಕ್ಕೆ ಹಾಕುವ ಗಮ್ ಬೂಟು, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು, ನಾಯಿ ಒಳಗಿರಲಿ. ಕಾಲಿಗೆ ಹತ್ತಿದ ಕೆಸರು ತೊಳೆಯೋಣ ಅಂತ ಗನ್ ಕಾಲಿನ ಕಡೆ ತಿರುಗಿಸುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ.

ಇನ್ನು ನಾಝಲ್, ಅಂದರೆ ಗನ್ನಿನ ತುದಿಗೆ ಹಾಕುವ ಮೂತಿ. ಡಿಗ್ರಿ ಅಂದರೆ ನೀರು ಹರಡುವ ಕೋನ. ಕೆಂಪಿನದು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಪ್ಪು ಸೋಪು ನೀರಿಗೆ. ಬಹಳಷ್ಟು ಮೆಷಿನ್‌ಗಳಲ್ಲಿ ಬಣ್ಣದ ಲೆಕ್ಕ ಇದೇ. ಡಿಗ್ರಿ ಕಮ್ಮಿ ಆದಷ್ಟೂ ನೀರು ಒಂದೇ ಕಡೆ ಬಡಿಯುತ್ತದೆ. ಮೊದಲ ದಿನ ನಾನು ಬೇಗ ಮುಗಿಯಲಿ ಅಂತ ಕೆಂಪು ಹಾಕಿ, ಒಂದು ಗೇಣು ದೂರದಿಂದ ಕಣಕ್ಕೆ ಬಿಟ್ಟೆ. ಹಾವಸೆ ಹೋಯಿತು, ಜೊತೆಗೆ ಸಿಮೆಂಟೂ ಎದ್ದಿತು. ಹೆಬ್ಬೆರಳು ಅಗಲದ ಗೀರು, ಎರಡು ಮಾರು ಉದ್ದ. ಈಗಲೂ ಕಾಫಿ ಹರಡಿದಾಗ ಬೀಜ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಕಡ್ಡಿ ಹಾಕಿ ಕೆದಕಬೇಕು. ಈಗ ಕಣಕ್ಕೆ ಹಸಿರು, ಕಾರಿಗೆ ಬಿಳಿ. ಕೆಂಪನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಎರಡು ಅಡಿ ದೂರದಿಂದ ಶುರು ಮಾಡಿ, ಮೂಲೆಯಲ್ಲಿ ಒಂದು ಕಡೆ ಪರೀಕ್ಷೆ ಮಾಡಿ, ಬೇಕಾದರೆ ಮಾತ್ರ ಹತ್ತಿರ ಬನ್ನಿ. ಮುಕ್ಕಾಲು ಅಡಿಗಿಂತ ಹತ್ತಿರ ಬೇಡ.

ನೀರು ಸಾಕಾಗದಿದ್ದರೆ ಪಂಪ್ ಹಾಳು. ಅದಕ್ಕೆ ಸುಲಭದ ಲೆಕ್ಕ ಇದೆ. ನಲ್ಲಿ ಪೂರ್ತಿ ಬಿಟ್ಟು 20 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಅಂತ ನೋಡಿ. ಎರಡು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 10 ಲೀಟರ್ ಆಯಿತು. ಮೆಷಿನ್ ಮೇಲೆ ಬರೆದ ಲೀಟರ್ ಲೆಕ್ಕಕ್ಕಿಂತ ಇದು ಜಾಸ್ತಿ ಇರಬೇಕು. ನಮ್ಮದು ಕೆರೆ ನೀರು, ಮಣ್ಣು ಬರುತ್ತದೆ. ಹಾಗಾಗಿ ನೀರು ಒಳಹೋಗುವ ಕಡೆಯ ಜಾಲರಿಯನ್ನು ಪ್ರತಿ ಸಲ ಬಿಚ್ಚಿ ತೊಳೆಯುತ್ತೇನೆ.

ಕರೆಂಟಿನ ವಿಷಯದಲ್ಲಿ ಉಳಿತಾಯ ನೋಡಬೇಡಿ. ಅರ್ತಿಂಗ್ ಇರುವ ಮೂರು ಪಿನ್ ಸಾಕೆಟ್ಟೇ ಬೇಕು. ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ; ಕರೆಂಟು ಸೋರಿದರೆ ಅದು ತಕ್ಷಣ ಕಡಿದುಬಿಡುತ್ತದೆ. ಟೇಪ್ ಸುತ್ತಿದ ವೈರ್ ಬೇಡ. ಎಕ್ಸ್‌ಟೆನ್ಷನ್ ಬೇಕೇ ಬೇಕು ಅಂದರೆ ದಪ್ಪ ವೈರಿನದು ತನ್ನಿ, ಜಾಯಿಂಟು ನೀರು ಬೀಳದ ಜಗಲಿ ಮೇಲಿರಲಿ. ವೋಲ್ಟೇಜ್ ಇಳಿದಾಗ ಮೋಟಾರ್ ಬರೀ ಗುಂಯ್ ಅಂದರೆ ಆಫ್ ಮಾಡಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ.

ಕೆಲಸ ಶುರು ಮಾಡುವಾಗ ಮೊದಲು ನಲ್ಲಿ ಬಿಡಿ, ಟ್ರಿಗರ್ ಒತ್ತಿ ಹಿಡಿಯಿರಿ. ಪೈಪಿನ ಗಾಳಿಯೆಲ್ಲ ಹೋಗಿ ನೀರು ಒಂದೇ ಸಮ ಬಂದ ಮೇಲೆ ಸ್ವಿಚ್ ಹಾಕಿ. ದಪ್ಪ ಹಾವಸೆಯನ್ನು ಮುಂಚೆಯೇ ಗುದ್ದಲಿಯಿಂದ ಕೆರೆದು ತೆಗೆದರೆ ಅರ್ಧ ನೀರು ಉಳಿಯುತ್ತದೆ. ಎತ್ತರದಿಂದ ಇಳಿಜಾರಿನ ಕಡೆಗೆ, ಗನ್ ಓರೆ ಹಿಡಿದು, ಗುಡಿಸಿದ ಹಾಗೆ ನಿಧಾನವಾಗಿ ಬನ್ನಿ. ಮುಗಿದಾಗ ಸ್ವಿಚ್ ಆಫ್ ಮಾಡಿ, ನಲ್ಲಿ ನಿಲ್ಲಿಸಿ, ಮತ್ತೆ ಟ್ರಿಗರ್ ಒತ್ತಿ. ಒಳಗಿನ ಒತ್ತಡ ಇಳಿಯುವ ತನಕ ಪೈಪ್ ಬಿಚ್ಚಬೇಡಿ.

ಹಂಚಿನ ಮಾಡಿಗೆ ಇದನ್ನು ಒಯ್ಯಲೇಬೇಡಿ. ಹಂಚಿನ ಸಂದಿಯಿಂದ ನೀರು ಅಟ್ಟಕ್ಕೆ ಇಳಿಯುತ್ತದೆ, ಒದ್ದೆ ಹಂಚಿನ ಮೇಲೆ ಕಾಲೂ ನಿಲ್ಲುವುದಿಲ್ಲ. ಏಣಿ ಮೇಲೆ ನಿಂತೂ ಬೇಡ, ಗನ್ ಹಿಂದಕ್ಕೆ ಒದೆಯುತ್ತದೆ. ಮಣ್ಣಿನ ಗೋಡೆ, ಕಾವಿ ನೆಲ, ಹಳೇ ಮರದ ಬಾಗಿಲು, ಮೀಟರ್ ಬೋರ್ಡು ಇವಕ್ಕೂ ದೂರ. ಕಾರಿನ ರೇಡಿಯೇಟರ್‌ಗೆ ಹತ್ತಿರದಿಂದ ಬಿಟ್ಟರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಬಿಸಿಲು ಬೀಳದ ಕಡೆ ಹಾವಸೆ ಬೇಗ ಮತ್ತೆ ಬರುತ್ತದೆ. ಅಲ್ಲಿ ತೊಳೆದಾದ ಮೇಲೆ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹಾಕಿ ಪೊರಕೆಯಿಂದ ಉಜ್ಜಿ, ಕಾಲು ಗಂಟೆ ಬಿಟ್ಟು ಸಾದಾ ನೀರಲ್ಲಿ ತೊಳೆಯಿರಿ. ಅದನ್ನು ಮೆಷಿನ್ ಒಳಗೆ ಹಾಕಬೇಡಿ. ಆಸಿಡ್ ಜೊತೆಗಂತೂ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ. ನೀರು ಬಾವಿ, ಕೆರೆ ಕಡೆ ಹರಿಯದ ಹಾಗೆ ನೋಡಿಕೊಳ್ಳಿ. ಕಣಕ್ಕೆ ನಾನು ಬ್ಲೀಚಿಂಗ್ ಹಾಕುವುದಿಲ್ಲ, ಕಾಫಿಗೆ ವಾಸನೆ ಹಿಡಿಯಬಾರದು ಅಲ್ವಾ? ಅರೇಬಿಕಾ ಕೊಯ್ಲಿಗೆ ಮುಂಚೆ, ನವೆಂಬರ್ ಹತ್ತಿರ ಬಂದಾಗ ಬರೀ ನೀರಲ್ಲಿ ತೊಳೆದು, ಎರಡು ಬಿಸಿಲು ಒಣಗಿಸುತ್ತೇನೆ.

ಅಮ್ಮ ಓಡಾಡುವ ಬಚ್ಚಲು ಮೆಟ್ಟಿಲಿಗೆ ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಆಷಾಢದಲ್ಲೂ ಮಳೆ ಒಂಚೂರು ಹೊಳವಾದ ಬೆಳಿಗ್ಗೆ ಮೆಷಿನ್ ಹೊರಗೆ ತರುತ್ತೇನೆ. ಐದೇ ಮೆಟ್ಟಿಲು, ಹತ್ತು ನಿಮಿಷದ ಕೆಲಸ.