ಬೇಕೆಂದೇ ಹೇಳಿದ ಸುಳ್ಳನ್ನು ತೂಗುವುದು ಹೇಗೆ?

2018ರ ಮೇ ತಿಂಗಳು, ಕಾಲೇಜಿಗೆ ರಜೆ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಹೆಂಗಸಿನ ದನಿ, ಅಳು ಬೆರೆತಿತ್ತು. "ಮಕ್ಕಳ ಕಳ್ಳರು ಬಂದಿದ್ದಾರೆ. ಬೆಡ್‌ಶೀಟ್ ಮಾರೋ ನೆಪದಲ್ಲಿ ಓಡಾಡ್ತಿದ್ದಾರೆ." ಯಾವುದಕ್ಕೂ ಇರಲಿ ಅಂತ ನಾನು ಅದನ್ನು ಇನ್ನೂ ಮೂರು ಗುಂಪಿಗೆ ಕಳಿಸಿದೆ.

ಮೂರನೇ ದಿನ ನನ್ನ ತವರೂರಿನಲ್ಲಿ ಬೆಡ್‌ಶೀಟ್ ಮಾರುವವನೊಬ್ಬನನ್ನು ಅರಳಿ ಮರಕ್ಕೆ ಕಟ್ಟಿಹಾಕಿದರು. ಅವನು ವರ್ಷಾ ವರ್ಷಾ ಬರುತ್ತಿದ್ದವನೇ. ನನ್ನ ಅತ್ತಿಗೆ ಗುರುತು ಹಿಡಿದು ಕೂಗಿಕೊಂಡಿದ್ದರಿಂದ ಜೀವ ಉಳಿಯಿತು. ಅದೇ ತಿಂಗಳ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬ ಇಂಥದೇ ಸುಳ್ಳಿಗೆ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಜೊತೆಯಲ್ಲಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಕಾರಣ.

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಆ ವರ್ಷ ಸಂವಿಧಾನದ 19ನೇ ವಿಧಿ ಹೇಳುವಾಗ ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಮೇಡಂ, ಬೇಕಂತಲೇ ಸುಳ್ಳು ಹೇಳೋದೂ ವಾಕ್ ಸ್ವಾತಂತ್ರ್ಯನಾ?" ನನ್ನ ಬಳಿ ಒಂದೇ ಮಾತಿನ ಉತ್ತರ ಇರಲಿಲ್ಲ. ಆಮೇಲೆ ಕೂತು ಯೋಚಿಸಿ, ತರಗತಿಯಲ್ಲಿ ಮಕ್ಕಳೊಂದಿಗೆ ಜಗಳವಾಡಿ ಕಟ್ಟಿಕೊಂಡ ಬಗೆ ಇದು. ಒಂದು ಮೆಸೇಜ್, ಒಂದು ಭಾಷಣ, ಒಂದು ವಿಡಿಯೋ ಎದುರಿಗೆ ಬಂದಾಗ ನೀವೂ ಹೀಗೆ ನೋಡಬಹುದು.

ಮೊದಲು, ಅದು ಸುಳ್ಳೇ ಹೌದಾ ಅಂತ ನೋಡಿ. "ನಮ್ಮ ಶಾಸಕರು ಕೆಲಸಕ್ಕೆ ಬಾರದವರು" ಅನ್ನುವುದು ಅಭಿಪ್ರಾಯ. "ಶಾಸಕರು ಶಾಲೆ ಕಟ್ಟಡದ ದುಡ್ಡು ತಿಂದರು" ಅನ್ನುವುದನ್ನು ಕಡತ ತೆಗೆದು ಪರೀಕ್ಷೆ ಮಾಡಬಹುದು. ಹೀಗೆ ಪರೀಕ್ಷೆಗೆ ಸಿಗುವ ಮಾತನ್ನು ಮಾತ್ರ ಮುಂದಿನ ಹಂತಕ್ಕೆ ತನ್ನಿ. ಬೈಗುಳ, ಅಣಕ, ಕೋಪ ಎಲ್ಲ ಇಲ್ಲೇ ಉಳಿಯಲಿ.

ಆಮೇಲಿನದೇ ಕಷ್ಟದ್ದು: ಹೇಳಿದವರಿಗೆ ಅದು ಸುಳ್ಳು ಅಂತ ಗೊತ್ತಿತ್ತಾ? ಆ ವರ್ಷ ದೇಶವೆಲ್ಲ ಓಡಾಡಿದ ಒಂದು ವಿಡಿಯೋ ನೆನಪಿಸಿಕೊಳ್ಳಿ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದುಬಿಡುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಕತ್ತರಿಸಿದ ಕೈಗೆ ನಿಜ ಗೊತ್ತಿತ್ತು ಅಲ್ವಾ? ನಮ್ಮ ಗುಂಪಿಗೆ ಬಂದ ವಾಯ್ಸ್ ಮೆಸೇಜಿನ ಹೆಂಗಸಿಗೆ ಬಹುಶಃ ಗೊತ್ತಿರಲಿಲ್ಲ. ನನಗಂತೂ ಗೊತ್ತಿರಲಿಲ್ಲ. ಅದರಿಂದ ನನ್ನ ತಪ್ಪು ಅಳಿಸಿಹೋಗಲಿಲ್ಲ, ಆ ಮರದ ಹತ್ತಿರ ಈಗಲೂ ತಲೆ ತಗ್ಗಿಸಿಯೇ ಹೋಗುತ್ತೇನೆ. ಆದರೆ ನನ್ನನ್ನೂ ಆ ಕತ್ತರಿಸಿದವನನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಗೊತ್ತಿದ್ದೂ ಹೇಳಿದರು ಅಂತ ತಿಳಿಯಲು ಕೆಲವು ಗುರುತು ಇವೆ. ವಿಡಿಯೋ ಕತ್ತರಿಸಿರುತ್ತಾರೆ. ಹಳೆಯ ಫೋಟೋಗೆ ಹೊಸ ತಾರೀಖು ಹಾಕಿರುತ್ತಾರೆ. ತಪ್ಪು ಅಂತ ತಿಳಿಸಿದ ಮೇಲೂ ಮತ್ತೆ ಹಾಕುತ್ತಾರೆ. ಆ ಸುಳ್ಳಿನಿಂದ ಹೇಳಿದವರಿಗೆ ದುಡ್ಡೋ ವೋಟೋ ಸಿಗುತ್ತಿರುತ್ತದೆ. ಒಂದೇ ಗುರುತು ಕಂಡರೆ ತೀರ್ಮಾನಕ್ಕೆ ಬರಬೇಡಿ.

ಮೂರನೆಯದು, ಯಾರಿಗೆ ಏನು ಕೇಡಾಗುತ್ತದೆ, ಉತ್ತರ ಕೊಡಲು ಸಮಯ ಇದೆಯಾ? ಅಮೆರಿಕದಲ್ಲಿ ಅಲ್ವಾರೆಜ್ ಎಂಬ ಒಬ್ಬ ಸ್ಥಳೀಯ ಜನಪ್ರತಿನಿಧಿ ತನಗೆ ದೇಶದ ಅತಿ ದೊಡ್ಡ ಸೇನಾ ಪದಕ ಬಂದಿದೆ ಅಂತ ಸುಳ್ಳು ಹೇಳಿದ್ದ. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನಿಗೆ ಶಿಕ್ಷೆ ಕೊಟ್ಟ ಕಾನೂನನ್ನೇ ರದ್ದು ಮಾಡಿತು. ಅಂಥ ಸುಳ್ಳನ್ನು ನಿಜ ಹೇಳಿಯೇ ಸೋಲಿಸಬಹುದು, ಅದಕ್ಕೆ ಸಮಯ ಇರುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಏನಾಯಿತು ನೋಡಿ. ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗುತ್ತದೆ ಅನ್ನುವ ಎಸ್ಸೆಮ್ಮೆಸ್ ಹರಡಿತು. ಸಾವಿರಾರು ಜನ ಕೆಲಸ, ಓದು, ಬಾಡಿಗೆ ಮನೆ ಬಿಟ್ಟು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಂದೇ ಸಲ ತುಂಬಾ ಜನಕ್ಕೆ ಕಳಿಸುವ ಬಲ್ಕ್ ಎಸ್ಸೆಮ್ಮೆಸ್ ಅನ್ನು ಕೇಂದ್ರ ಸರ್ಕಾರ 15 ದಿನ ತಡೆಯಿತು. ಅಲ್ಲಿ ವಾದ ಮಾಡುತ್ತಾ ಕೂರಲು ಯಾರಿಗೂ ಸಮಯ ಇರಲಿಲ್ಲ.

ಇಷ್ಟಾದ ಮೇಲೆ ಸಂವಿಧಾನ ತೆಗೆಯಿರಿ. 19(1)(ಎ) ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(2) ಅದಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಅಂತ ಹೇಳುತ್ತದೆ: ದೇಶದ ಸಾರ್ವಭೌಮತೆ ಮತ್ತು ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಈ ಪಟ್ಟಿಯಲ್ಲಿ 'ಸುಳ್ಳು' ಅನ್ನುವ ಪದ ಇಲ್ಲ. ಮಕ್ಕಳಿಗೆ ಇದನ್ನು ಎರಡೆರಡು ಸಲ ಓದಿಸುತ್ತೇನೆ. ಸುಳ್ಳು ಅನ್ನುವ ಒಂದೇ ಕಾರಣಕ್ಕೆ ಮಾತನ್ನು ತಡೆಯಲಾಗದು. ಅದು ಮಾಡುವ ಕೇಡು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಅಂತ ತೋರಿಸಬೇಕು.

ಹಾಗೆ ತೋರಿಸಲು ಕಾನೂನುಗಳು ಈಗಾಗಲೇ ಇವೆ. ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಪ್ರಕಾರ, ಜನರಲ್ಲಿ ಭಯ ಹುಟ್ಟಿಸಿ ಗಲಭೆಗೆ ದಾರಿ ಮಾಡುವ ಸುಳ್ಳು ಸುದ್ದಿಗೆ 3 ವರ್ಷದವರೆಗೆ ಜೈಲು. ಅದರಲ್ಲೇ ಒಂದು ವಿನಾಯಿತಿಯೂ ಇದೆ. ನಿಜ ಅಂತ ನಂಬಲು ಸರಿಯಾದ ಕಾರಣ ಇದ್ದು, ಕೆಟ್ಟ ಉದ್ದೇಶ ಇಲ್ಲದೆ ಹೇಳಿದ್ದರೆ ಅಪರಾಧವಲ್ಲ. ಮಾನಹಾನಿಗೆ 356, ವಂಚನೆಗೆ 318.

ಕೊನೆಯ ಪ್ರಶ್ನೆಯನ್ನು ಯಾವತ್ತೂ ಬಿಡಬೇಡಿ: ಇದು ಸುಳ್ಳು ಅಂತ ತೀರ್ಮಾನ ಮಾಡುವವರು ಯಾರು? 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯನ್ನು ಬಂಧಿಸಿದರು. ಲೈಕ್ ಒತ್ತಿದ ಗೆಳತಿಯನ್ನೂ ಬಿಡಲಿಲ್ಲ. ಅವರು ಯಾವ ಸುಳ್ಳನ್ನೂ ಹೇಳಿರಲಿಲ್ಲ. ಅಂಥ ಬಂಧನಗಳಿಗೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಚರ್ಚೆ ಬೇರೆ, ಒಂದು ವಿಚಾರದ ಪರ ವಾದಿಸುವುದು ಬೇರೆ, ಪ್ರಚೋದನೆ ಬೇರೆ ಅಂತ ಆ ತೀರ್ಪು ಬಿಡಿಸಿ ಹೇಳಿತು. ಕೇಂದ್ರ ಸರ್ಕಾರ ತನ್ನ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಅಂತ ತಾನೇ ಹೇಳಲು ಫ್ಯಾಕ್ಟ್ ಚೆಕ್ ಘಟಕ ಮಾಡಹೊರಟಾಗ 2024ರಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮವನ್ನೂ ತೆಗೆದುಹಾಕಿತು. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ ಸುಳ್ಳು ಸುದ್ದಿ ಮಸೂದೆಯ ಕರಡು ಹೊರಬಂತು. 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಯಾರದೋ ಹೇಳಿಕೆಯನ್ನು ತಪ್ಪಾಗಿ ಹೇಳುವುದೂ ಅದರಲ್ಲಿ ಸುಳ್ಳು ಸುದ್ದಿಯೇ. ಓದಿ ನನಗೆ ಭಯವಾಯಿತು. ಸುಳ್ಳಿನಿಂದ ಒಬ್ಬನ ಜೀವ ಹೋಗುವುದರಲ್ಲಿತ್ತು ಅಂತ ಗೊತ್ತಿದ್ದೂ ಹೇಳುತ್ತೇನೆ: ಬೇಕೆಂದೇ ಹೇಳಿ ಕೇಡು ಮಾಡಿದ ಸುಳ್ಳಿಗೆ ರಕ್ಷಣೆ ಬೇಡ, ಆದರೆ ಅದನ್ನು ಸಾಬೀತು ಮಾಡುವ ಹೊರೆ ದೂರು ಕೊಟ್ಟವರ ಮೇಲಿರಲಿ, ತೀರ್ಪು ನ್ಯಾಯಾಲಯದ್ದಾಗಿರಲಿ.

ಈಗ ಕೈಯಲ್ಲಿ ಮಾಡುವ ಕೆಲಸ. ಯಾರ ಜೀವಕ್ಕಾದರೂ ಅಪಾಯ ಅನ್ನಿಸಿದರೆ ತಕ್ಷಣ 112ಕ್ಕೆ ಫೋನ್ ಮಾಡಿ. ಮೆಸೇಜ್ ಅಳಿಸಬೇಡಿ, ಕಳಿಸಿದವರ ನಂಬರ್, ತಾರೀಖು, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಠಾಣೆಗೆ ಹೋದರೆ ಅದೇ ಸಾಕ್ಷಿ. ಕಳಿಸಿದವರಿಗೆ ಗುಂಪಿನಲ್ಲಿ ಬೈಯುವ ಮೊದಲು ಒಂದು ಫೋನ್ ಮಾಡಿ, "ಇದು ನಿಮಗೆ ಎಲ್ಲಿಂದ ಬಂತು?" ಅಂತ ಕೇಳಿ. ಹೆಚ್ಚಿನವರು ನನ್ನ ಹಾಗೆ ಸುಮ್ನೆ ಮುಂದೆ ಕಳಿಸಿದವರೇ ಆಗಿರುತ್ತಾರೆ.

ನೀವೇ ಕಳಿಸಿದ್ದರೆ, ಕಳಿಸಿದ ಪ್ರತಿ ಗುಂಪಿಗೂ ವಾಪಸ್ ಹೋಗಿ. ನಾನು ಮೊದಲು "ಅದು ಸುಳ್ಳಂತೆ" ಅಂತ ಎರಡು ಪದ ಟೈಪ್ ಮಾಡಿ ಹಾಕಿದೆ. ಯಾರೂ ಓದಲಿಲ್ಲ. ಭಯ ಹರಡಿದ್ದು ದನಿಯಲ್ಲಿ ಅಂತ ಹೊಳೆದು, ನಾನೂ ದನಿಯಲ್ಲೇ ಹೇಳಿದೆ. ನನ್ನ ಹೆಸರು, ಊರು, ನಾನು ಮಾಡಿದ ತಪ್ಪು, ಆ ಮನುಷ್ಯ ಎಷ್ಟು ವರ್ಷದಿಂದ ಊರಿಗೆ ಬರುತ್ತಿದ್ದ ಅನ್ನುವುದು, ಎಲ್ಲ ಸೇರಿ ಒಂದು ನಿಮಿಷ. ಮಾರನೇ ದಿನ ಬೆಳಗ್ಗೆ ಅತ್ತಿಗೆ ಅದನ್ನು ಹಾಲಿನ ಡೈರಿ ಮುಂದೆ, ಕ್ಯಾನ್ ಹಿಡಿದು ನಿಂತ ಜನರ ನಡುವೆ ಸ್ಪೀಕರ್‌ನಲ್ಲಿ ಹಾಕಿ ಕೇಳಿಸಿದರು.